ದಡಿ ಹಾಕಿದ ಬಾಳೆ ಎಲೆ

ಮೊನ್ನೆ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದ್ದರು. ಯಾವುದೋ ಹಿಮ ಬೀಳುವ ದೇಶ. ದಪ್ಪ ಕೋಟು ತೊಟ್ಟ ಗೃಹಸ್ಥನೊಬ್ಬ ತನ್ನ ಹಿತ್ತಲಿನ ಬಾಳೆಗಿಡಕ್ಕೆ ಚಳಿಗಾಲದ ಏರ್ಪಾಟು ಮಾಡುತ್ತಿದ್ದ. ಮೊದಲು ಎಲೆಗಳನ್ನೆಲ್ಲ ಕತ್ತರಿಸಿದ. ಆಮೇಲೆ ಬೋಳಾದ ದಿಂಡಿನ ಸುತ್ತ ತಂತಿಬಲೆ ನಿಲ್ಲಿಸಿ, ಒಳಗೆ ಒಣಹುಲ್ಲು ತುಂಬಿ, ಮೇಲೆ ಕಂಬಳಿಯಂಥದ್ದೊಂದನ್ನು ಹೊದಿಸಿ ಹಗ್ಗ ಬಿಗಿದ. ಕೊನೆಗೆ ಮಗುವನ್ನು ಮಲಗಿಸಿದ ಹಾಗೆ ಎರಡು ಸಲ ಮೆಲ್ಲಗೆ ತಟ್ಟಿದ. ಗುಂಪಿನಲ್ಲಿ ನಗುವ ಮುಖಗಳ ಸಾಲೇ ಬಂತು. ಅಂಗಡಿಯಲ್ಲಿ ಹಣ್ಣು ಸಿಗುವುದಿಲ್ಲವೇನು ಈ ಪುಣ್ಯಾತ್ಮನಿಗೆ ಎಂದು ಮುಂಡರಗಿಯ ನನ್ನ ನಾದಿನಿ ಬರೆದಳು. ನಾನು ಮಾತ್ರ ನಗಲಿಲ್ಲ. ನಗುವ ಹಕ್ಕು ನಮ್ಮ ಮನೆಗಿಲ್ಲ. ಅವನಾದರೂ ಬಾಳೆಗೆ ಕಂಬಳಿ ಹೊದಿಸಿದ. ನಾವು ಬೆಟಗೇರಿಯಲ್ಲಿ ಕೂತು ಬಾಳೆ ಎಲೆಗೆ ಸೂಜಿ ದಾರದಿಂದ ದಡಿ ಹೊಲಿದವರು.

ದಡಿ ಅಂದರೆ ಸೀರೆಯ ಅಂಚು. ಎಲೆಗೇಕೆ ಅಂಚು ಎಂದು ನೀವು ಕೇಳುತ್ತೀರಿ, ಹೇಳುತ್ತೇನೆ. ಆದರೆ ನನಗೆ ನೆಟ್ಟಗೆ ಹೇಳುವ ಅಭ್ಯಾಸವಿಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ, ಪಾಠ ಬಿಟ್ಟು ಬೇರೆಲ್ಲ ಹೇಳಿದವಳು ಎಂದು ನನ್ನ ವಿದ್ಯಾರ್ಥಿಗಳು ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನೆನಪಿಸುತ್ತಾರೆ.

ನಮ್ಮದು ಹಿಮದ ನಾಡಲ್ಲ, ನಿಜ. ಆದರೆ ಬಾಳೆಯನ್ನೇ ಕೇಳಿದರೆ ಎರಡೂ ಅಷ್ಟಕ್ಕಷ್ಟೇ ಅಂದೀತು. ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಹತ್ತು ದಿನವಾದರೂ ಯಾರೂ ಬೆರಗಾಗುವುದಿಲ್ಲ. ಬೇಸಿಗೆಯಲ್ಲಿ ಎರೆ ನೆಲ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಆಷಾಢದ ಗಾಳಿಯಂತೂ ಒಣಹಾಕಿದ ಸೀರೆಯನ್ನು ಮೂರನೆಯ ಮನೆಯ ಮಾಳಿಗೆಯಲ್ಲಿ ಹುಡುಕಿಸುತ್ತದೆ. ಕಪ್ಪತಗುಡ್ಡದ ಕಡೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿದವರು ಸುಮ್ಮನೆ ನಿಲ್ಲಿಸಿಲ್ಲ. ಇಂಥ ಊರಲ್ಲಿ ಬೇವು ಬೆಳೆಯುತ್ತದೆ, ಜಾಲಿ ಬೆಳೆಯುತ್ತದೆ, ಯಾರ ಹಂಗೂ ಇಲ್ಲದೆ ಬೆಳೆಯುತ್ತವೆ. ಬಾಳೆಗೆ ಮಾತ್ರ ಹೊತ್ತು ಹೊತ್ತಿಗೆ ನೀರು, ನೆರಳು, ಉಪಚಾರ ಬೇಕು. ಅದು ಗಿಡವಲ್ಲ, ಬೀಗರು.

ಆದರೂ ನನಗೆ ಬಾಳೆಯ ಹುಚ್ಚು. ಅದು ಹತ್ತಿದ್ದು ತವರೂರು ಲಕ್ಷ್ಮೇಶ್ವರದಲ್ಲಿ, ನನ್ನ ಎಂಟನೆಯದೋ ಒಂಬತ್ತನೆಯದೋ ವಯಸ್ಸಿನಲ್ಲಿ. ಅಪ್ಪ ಕಾಳಿನ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಪೇಟೆಯ ದೊಡ್ಡ ಮನೆಗಳಲ್ಲಿ ಕಾರ್ಯವಾದರೆ ನಮಗೂ ಊಟದ ಕರೆ ಬರುತ್ತಿತ್ತು. ದೊಡ್ಡವರ ಪಂಕ್ತಿಗೆ ಬಾಳೆ ಎಲೆ. ಹುಡುಗರ ಪಂಕ್ತಿಗೆ ಮುತ್ತಲ ಎಲೆಯನ್ನು ಕಡ್ಡಿಯಿಂದ ಚುಚ್ಚಿ ಹೊಲಿದ ಪತ್ರಾವಳಿ. ಪತ್ರಾವಳಿಯ ಗುಣ ನಿಮಗೆ ಗೊತ್ತೇ ಇದೆ. ಅನ್ನ ನಿಲ್ಲುತ್ತದೆ, ಸಾರು ನಿಲ್ಲುವುದಿಲ್ಲ. ಸಾರಿನ ಅರ್ಧ ನಮ್ಮ ಹೊಟ್ಟೆಗೆ, ಅರ್ಧ ನಮ್ಮ ಲಂಗಕ್ಕೆ. ಒಮ್ಮೆ ನಾನು ಸದ್ದಿಲ್ಲದೆ ಹೋಗಿ ದೊಡ್ಡವರ ಪಂಕ್ತಿಯಲ್ಲಿ, ನಮ್ಮ ಸೋದರಮಾವನ ಪಕ್ಕ, ಹಸಿರು ಎಲೆಯ ಮುಂದೆ ಕೂತುಬಿಟ್ಟೆ. ಎಲೆಯ ಮೇಲೆ ಉಪ್ಪು ಬಿದ್ದಿತ್ತು, ಕೋಸಂಬರಿ ಬಿದ್ದಿತ್ತು. ಅಷ್ಟರಲ್ಲಿ ಬಡಿಸುತ್ತಿದ್ದ ಹೆಂಗಸೊಬ್ಬರು ನನ್ನ ರಟ್ಟೆ ಹಿಡಿದು ಎಬ್ಬಿಸಿ, ಎಲ್ಲರೂ ನೋಡುತ್ತಿರುವಂತೆಯೇ ಹುಡುಗರ ಸಾಲಿಗೆ ತಂದು ಕೂರಿಸಿದರು. ಆ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ನನ್ನದೇ ಒಂದು ಬಾಳೆಗಿಡ ಇಡುತ್ತೇನೆ, ಒಬ್ಬಳೇ ದಿನಕ್ಕೊಂದು ಎಲೆಯಲ್ಲಿ ಉಣ್ಣುತ್ತೇನೆ ಎಂದು ಶಪಥ ಮಾಡಿದೆ. ಜನ ಈಗ ನನ್ನನ್ನು ಪರಿಸರಪ್ರೇಮಿ ಎಂದು ಹೊಗಳಿದರೆ ಸುಮ್ಮನೆ ಕೈಮುಗಿಯುತ್ತೇನೆ. ನನ್ನ ಪ್ರೇಮದ ಬೇರು ಇರುವುದು ಹೊಟ್ಟೆಕಿಚ್ಚಿನಲ್ಲಿ.

ಮದುವೆಯಾಗಿ ಬಂದದ್ದು ಬೆಟಗೇರಿಯ ನೇಕಾರರ ಮನೆಗೆ. ಇಲ್ಲಿ ಗಿಡವಿಡಲು ಜಾಗವೆಲ್ಲಿ? ಹಿತ್ತಲು ಅನ್ನುವುದೆಲ್ಲ ಮಗ್ಗದ ತಗಡಿನ ಕೋಣೆಯೇ ಆಗಿತ್ತು. ನನ್ನ ಮಾವ, ಅಂದರೆ ಗಂಡನ ತಂದೆ, ಐವತ್ತು ವರ್ಷ ಅಲ್ಲಿ ಸೀರೆ ನೇಯ್ದವರು. ಅವರದು ಕುಣಿಮಗ್ಗ. ನೆಲದಲ್ಲಿ ಮಣಕಾಲಿನ ಮೇಲೆ ಬರುವಷ್ಟು ಆಳದ ಕುಣಿ ತೋಡಿರುತ್ತಾರೆ. ನೇಯುವವರು ಅದರ ದಂಡೆಯ ಮೇಲೆ ಕೂತು, ಕಾಲು ಕುಣಿಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಮೇಲೆ ಲಾಳಿ ಓಡಿಸುತ್ತಾರೆ. ಮಣಕಾಲು ಇನ್ನು ಸಾಧ್ಯವಿಲ್ಲ ಎಂದ ಮೇಲೆ ಮಗ್ಗ ಬಿಚ್ಚಿದೆವು. ತಗಡು ತುಕ್ಕು ಹಿಡಿದು ಜೋತುಬಿದ್ದಾಗ ಅದನ್ನೂ ತೆಗೆಸಿದೆವು. ಉಳಿದದ್ದು ಬಯಲಿನಲ್ಲಿ ಬಾಯಿ ತೆರೆದುಕೊಂಡ ಕುಣಿ.

ಮಾವ ದಿನಾ ಮುಂಜಾನೆ ಅದರ ಸುತ್ತ ಕಸ ಹೊಡೆದು, ದಂಡೆಯ ಮೇಲೆ ಕೂತು, ಕಾಲು ಇಳಿಬಿಟ್ಟೇ ಚಹಾ ಕುಡಿಯುತ್ತಿದ್ದರು. ಮಳೆಗಾಲದಲ್ಲಿ ನೀರು ನಿಂತು ಸೊಳ್ಳೆಯಾಗುತ್ತಿತ್ತು. ಪಕ್ಕದ ಮನೆಯ ಆಡು ಒಮ್ಮೆ ಬಿತ್ತು. ಸ್ಕೂಟರ್ ತಿರುಗಿಸಲು ಹೋಗಿ ನಮ್ಮ ಮನೆಯವರೂ ಒಮ್ಮೆ ಬಿದ್ದರು. ಆಡಿಗೆ ಏನೂ ಆಗಲಿಲ್ಲ. ನಮ್ಮ ಮನೆಯವರು ಎಂಟು ದಿನ ಕುಂಟುತ್ತ, ತಾವು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದರು. ಅಂದಿನಿಂದ ಕುಣಿಯನ್ನು ಮುಚ್ಚಿಸುವ ಮಾತು ಶುರುವಾಯಿತು. ಅವರು ಅಪ್ಪನ ಮುಂದೆ ಯಾವುದನ್ನೂ ಬಿಚ್ಚಿ ಹೇಳುವವರಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಆದರೂ ಮಾವನಿಗೆ ತಿಳಿಯಿತು.

"ನಾ ಇರೂ ತನಕ ಆ ಕುಣಿ ಹಂಗ ಇರಲಿ," ಎಂದರು. "ಆಮ್ಯಾಲ ಮುಚ್ಚತೀರೋ, ಏನ್ ಮಾಡತೀರೋ, ನಾ ನೋಡಾಕ ಬರೂದಿಲ್ಲ."

ಮುಚ್ಚಿದರೆ ಮಾವ ಉಂಡು ಉಟ್ಟು ಇದ್ದೂ ಇಲ್ಲದವರಂತೆ ಆಗಿಬಿಡುತ್ತಾರೆ ಎಂಬ ಭಯ ನನಗೆ. ಮುಚ್ಚದಿದ್ದರೆ ಒಂದು ದಿನ ಅವರೇ ಅದರಲ್ಲಿ ಬಿದ್ದು ಕಾಲು ಮುರಿದುಕೊಳ್ಳುತ್ತಾರೆ ಎಂಬ ಭಯ ಇವರಿಗೆ. ಎರಡೂ ಖರೆ. ಆಗ ನನ್ನ ತಲೆಗೆ ಬಾಳೆ ಹೊಳೆಯಿತು. ಕುಣಿಯ ತಳದಲ್ಲಿ ಒಂದು ಬಾಳೆ ಇಟ್ಟರೆ ಕುಣಿ ಮುಚ್ಚಿದಂತೆಯೂ ಅಲ್ಲ, ಬರಿದೆ ಬಿಟ್ಟಂತೆಯೂ ಅಲ್ಲ. ಹಸಿರು ಕಂಡರೆ ಯಾರೂ ಬೀಳುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ನಾನು ನನ್ನ ಬುದ್ಧಿಗೆ ಮೆಚ್ಚಿಕೊಂಡಾಗಲೆಲ್ಲ ಮನೆಯಲ್ಲಿ ಏನಾದರೊಂದು ಕೆಡುತ್ತದೆ.

ಯಳವತ್ತಿಯಲ್ಲಿ ನಮ್ಮ ಅಕ್ಕನ ಗಂಡ ಒಕ್ಕಲುತನ ಮಾಡುತ್ತಾರೆ. ಅವರ ಬೋರಿನ ತೊಟ್ಟಿಯ ಪಕ್ಕ ನಾಲ್ಕು ಬಾಳೆ ಇವೆ. ಫೋನು ಮಾಡಿದೆ. ಭಾವ ಒಂದು ಬಾಳೆ ಮರಿಯನ್ನು ಗೋಣಿತಟ್ಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತಮ್ಮ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ತಂದರು. ಚಹಾ ಕುಡಿದು, ಬಿಸಿಲು ತಗಲುವ ಕಡೆ ಇಡು ಎಂದು ಹೇಳಿ ಅವಸರದಲ್ಲಿ ಹೊರಟರು. ಎಲ್ಲಿ ನೆಡುತ್ತೇನೆಂದು ನಾನು ಹೇಳಲಿಲ್ಲ. ಮಾವ ಆಗ ಮುಂಡರಗಿಯಲ್ಲಿ ಮಗಳ ಮನೆಗೆ ಹೋಗಿದ್ದರು. ಮುಂಚೆ ಕೇಳಿದರೆ ಬೇಡ ಅಂದಾರು, ಆದ ಮೇಲೆ ಏನೂ ಅನ್ನಲಾರರು ಎಂಬ ಧೈರ್ಯದಿಂದ ಕುಣಿಗೆ ಇಳಿದು ನೆಟ್ಟೆ.

ಮಾವ ಬಂದರು. ಕೈಚೀಲ ಕೆಳಗಿಡದೆ ಹಿತ್ತಲಿಗೆ ಹೋದರು. ನನ್ನ ಕುಣ್ಯಾಗ ಏನದು ಎಂದು ಕೇಳಿದರು. ಬಾಳಿಗಿಡ ರೀ ಮಾವಾ, ಕುಣಿ ಮುಚ್ಚಿಲ್ರಿ ಎಂದೆ. ನಾಲ್ಕು ದಿನ ನನ್ನೊಂದಿಗೆ ಮಾತಿಲ್ಲ. ನಾನು ಎದುರಿಗೇ ನಿಂತಿದ್ದರೂ, ನಿನ್ನ ಹೆಂಡತಿಗೆ ರೊಟ್ಟಿ ಸಾಕು ಅಂತ ಹೇಳು ಎಂದು ಮಗನ ಮೂಲಕ ಖಬರ ಕಳಿಸುತ್ತಿದ್ದರು. ನನಗೆ ನಿಜಕ್ಕೂ ದುಃಖವಾಯಿತು. ಕೇಳದೆ ಇನ್ನೊಬ್ಬರ ಜಾಗದಲ್ಲಿ ಹೋಗಿ ಕೂತವಳಾದೆ ಅನ್ನಿಸಿತು.

ಐದನೆಯ ದಿನ ನೀರು ಬಂದಿರಲಿಲ್ಲ. ಬಿಸಿಲಿಗೆ ಮರಿಯ ಒಂದೇ ಒಂದು ಎಲೆ ಬಾಡಿ ಜೋತುಬಿದ್ದಿತ್ತು. ಮಾವ ಸ್ನಾನಕ್ಕೆ ಹೋದವರು ದೊಡ್ಡ ಟಬ್ಬಿನೊಳಗೆ ನಿಂತು ಮೈತೊಳೆದು, ಆ ನೀರನ್ನು ತಂಬಿಗೆ ತಂಬಿಗೆ ತಂದು ಹಾಕಿದರು. ಮರುದಿನ ನಮಗೆಲ್ಲ ಒಂದು ಕಾನೂನು ಬಂತು: ಬಾಳೆಗೆ ಸೋಪಿನ ನೀರು ಆಗುವುದಿಲ್ಲ, ಮನೆಯಲ್ಲಿ ಎಲ್ಲರೂ ಕಡಲೆಹಿಟ್ಟು ಹಚ್ಚಿಕೊಂಡೇ ಸ್ನಾನ ಮಾಡತಕ್ಕದ್ದು. ಆರು ತಿಂಗಳು ಹಾಗೇ ನಡೆಯಿತು. ನಮ್ಮ ಮನೆಯವರು ಪ್ರೆಸ್ಸಿಗೆ ಹೋದರೆ, ಎಲ್ಲೋ ಭಜಿ ಕರಿದ ವಾಸನೆ ಬರುತ್ತಿದೆ ಎಂದು ಜನ ಕಿಟಕಿಯ ಕಡೆ ನೋಡುತ್ತಿದ್ದರಂತೆ. ನೂಲಿಗೆ ಬಿಗಿ ಬರಲಿ ಎಂದು ಗಂಜಿ ಹಾಕಿ ರೂಢಿಯಾದ ಕೈ ಮಾವನದು, ಬಾಳೆಗೂ ಒಂದು ದಿನ ಗಂಜಿ ಹಾಕಿದರು. ಬೆಟಗೇರಿಯ ಇರುವೆಗಳೆಲ್ಲ ಬಂದು ಉಂಡುಹೋದವು. ಅದರಿಂದ ಲಾಭವಾದದ್ದು ನನಗೆ. ಇರುವೆ ಗುಡಿಸುವಾಗ ಮಾವ ನನ್ನ ಜೊತೆ ಮಾತಾಡಿದರು.

ಗಿಡ ಎದ್ದಿತು. ಕಾಂಪೌಂಡು ಗೋಡೆಯ ಮೇಲೆ ಇಣುಕಿತು. ಸುರುಳಿಯಾಗಿ ಬಂದ ಹೊಸ ಎಲೆ ಬಿಚ್ಚಿಕೊಳ್ಳುವುದನ್ನು ಮಾವ ಇಡೀ ದಿನ ಕೂತು ನೋಡುತ್ತಿದ್ದರು. ಅವರ ಸಂಕಟ ಶುರುವಾದದ್ದೂ ಅಲ್ಲೇ. ಇವತ್ತು ಬಿಚ್ಚಿದ ಎಲೆ ನಾಳೆಯ ಗಾಳಿಗೆ ಅಂಚಿನಿಂದ ನಡುದಂಟಿನ ತನಕ ಸೀಳಿ ಹೋಗುತ್ತಿತ್ತು. ಬಾಳೆ ಎಲೆ ಹರಿಯುವುದು ನಮಗೆ ನಿಮಗೆ ಏನೂ ಅಲ್ಲ. ಆದರೆ ಐವತ್ತು ವರ್ಷ ಒಂದು ಎಳೆ ತಪ್ಪಿದರೂ ಮಗ್ಗ ನಿಲ್ಲಿಸಿ ಕೂಡಿಸಿದ ಮನುಷ್ಯನಿಗೆ, ಕಣ್ಣೆದುರೇ ಹೊಸ ಬಟ್ಟೆ ಚಿಂದಿಯಾಗುವುದನ್ನು ನೋಡಿದಂತೆ. ಊಟಕ್ಕೆ ಕೂತರೂ ಎದ್ದು ಹೋಗಿ ನೋಡಿಬರುತ್ತಿದ್ದರು.

ಒಂದು ಮುಂಜಾನೆ ಸಣ್ಣ ಸೂಜಿ, ನೂಲಿನ ಉಂಡೆ ಹಿಡಿದುಕೊಂಡು ನನ್ನ ಬಳಿ ಬಂದರು. ಕಣ್ಣು ಕಾಣುವುದಿಲ್ಲ, ದಾರ ಪೋಣಿಸಿ ಕೊಡು ಎಂದರು. ಯಾತಕ್ಕೆ ಎಂದು ಕೇಳಿದೆ.

"ದಡಿ ಗಟ್ಟಿ ಇದ್ರ ಸೀರಿ ಹರಿಯೂದಿಲ್ಲ," ಎಂದರು. "ಇದಕ್ಕ ದೇವರು ದಡಿ ಹಾಕೂದು ಮರ್ತಾನ."

ತಡೆಯಬೇಕಿದ್ದವಳು ನಾನು. ಪೋಣಿಸಿಕೊಟ್ಟವಳೂ ನಾನೇ. ಗಿಡ ಕುಣಿಯಲ್ಲಿ ನಿಂತದ್ದರಿಂದ ಒಂದು ಸ್ಟೂಲಿದ್ದರೆ ಎಲೆಗಳು ಅವರ ಕೈಗೆ ಎಟುಕುತ್ತಿದ್ದವು. ಅದನ್ನು ಹಾಕಿಕೊಂಡು, ಎಳೆ ಎಲೆ ಬಿಚ್ಚಿಕೊಂಡ ದಿನವೇ ಅದರ ಅಂಚನ್ನು ಕೂದಲೆಳೆಯಷ್ಟು ಮಡಿಸಿ, ಉದ್ದಕ್ಕೂ ಹೊಲಿಯುತ್ತಿದ್ದರು. ಒಂದು ಎಲೆಗೆ ಎರಡು ದಿನ. ಮೊದಮೊದಲು ಬಿಳಿ ನೂಲು. ಆಮೇಲೆ, ಚೆಂದ ಕಾಣಲೆಂದು, ಕೆಂಪು. ಗಾಳಿಗೆ ಎಲೆ ಬಡಿದಾಡಿದರೂ ಸೀಳಲಿಲ್ಲ. ಓಣಿಯ ಹೆಂಗಸರು ನೋಡಲು ಬಂದರು. ಪಕ್ಕದ ಮನೆಯ ಶಾಂತವ್ವ ಪೂಜೆಗೆಂದು ಒಂದು ಎಲೆ ಕೇಳಿದಳು. ಪೂಜೆಗೆ ಕೇಳಿದ ಎಲೆಯನ್ನು ಇಲ್ಲ ಅನ್ನಬಾರದು ಎಂದು ಮಾವ ಬಹಳ ಕಷ್ಟದಿಂದ ಕೊಟ್ಟರು. ಅವಳ ಮನೆಯ ಬೀಗರು ಆ ಎಲೆಯಲ್ಲಿ ಉಂಡು, ಇಂಥ ಎಲೆ ಯಾವ ಅಂಗಡಿಯಲ್ಲಿ ಸಿಗುತ್ತವೆ ಎಂದು ವಿಚಾರಿಸಿದರಂತೆ. ಪತ್ರಾವಳಿಯನ್ನು ಹೊಲಿಯುತ್ತೀರಿ, ಬಾಳೆ ಎಲೆ ಹೊಲಿದರೆ ಏನಾಯಿತು ಎಂದು ಮಾವ ನಗುತ್ತಿದ್ದವರಿಗೆಲ್ಲ ಉತ್ತರ ಕೊಡುತ್ತಿದ್ದರು. ಮಗ್ಗ ಬಿಚ್ಚಿದ ಮೇಲೆ ಅವರು ಅಷ್ಟು ಗೆಲುವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಆಷಾಢ ಬಂತು. ಒಂದು ರವಿವಾರ ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಹಿತ್ತಲಲ್ಲಿ ಧೊಪ್ಪೆಂದಿತು. ಓಡಿಹೋಗಿ ನೋಡಿದರೆ ಇಡೀ ಗಿಡ ಬೇರು ಮೇಲೆ ಮಾಡಿಕೊಂಡು ಕುಣಿಯ ದಂಡೆಗೆ ಅಡ್ಡ ಬಿದ್ದಿತ್ತು. ಮಾವ ಆಗಲೇ ಅದರ ಪಕ್ಕ ಕೂತಿದ್ದರು. ಎಲೆಗಳ ಮೇಲೆ ಕೈಯಾಡಿಸುತ್ತ, "ಒಂದೂ ಎಲಿ ಹರಿದಿಲ್ಲ ನೋಡವಾ," ಎಂದರು. ಅವತ್ತು ಅವರು ಉಣ್ಣಲಿಲ್ಲ.

ಮರುದಿನ ಯಳವತ್ತಿ ಭಾವ ಬಂದರು. ಕೆಂಪು ದಾರದ ಅಂಚನ್ನು ಹಿಡಿದು ನೋಡಿ ಮೊದಲು ನಕ್ಕರು. ಮಾವನ ಮುಖ ನೋಡಿ ನಗು ನಿಲ್ಲಿಸಿದರು.

"ಕಾಕಾ, ಎಲಿ ಹರೀಬೇಕ್ರಿ," ಎಂದರು ಮೆಲ್ಲಗೆ. "ಹರಿದ್ರ ಗಾಳಿ ಸಂದ್ಯಾಗ ಹಾಯ್ದು ಹೋಗತೈತಿ. ನೀವು ದಡಿ ಹಾಕಿ ಗಾಳಿ ಹಿಡದು ನಿಲ್ಲಿಸಿದ್ರಿ. ಅದು ಗಿಡಾನ ಕೆಡವಿತು."

"ಹಂಗಾರ ನಾನ ಕೆಡವಿದೆ," ಎಂದರು ಮಾವ.

ಭಾವ ಕುಣಿಗೆ ಇಳಿದು ಬೇರಿನ ಮಣ್ಣು ಹಿಡಿದು ಮೂಸಿದರು. ನೀರು ನಿಂತು ಬೇರು ಅರ್ಧ ಕೊಳೆತಿತ್ತು. ಇಷ್ಟು ತಗ್ಗಿನಲ್ಲಿ ಬಾಳೆ ಇಟ್ಟ ಶಾಣ್ಯಾ ಯಾರು ಎಂದು ಕೇಳಿದರು. ನಾನು ಕೈ ಎತ್ತಿದೆ, ತರಗತಿಯಲ್ಲಿ ಮಕ್ಕಳು ಎತ್ತುವ ಹಾಗೆ. ಅರ್ಧ ತಪ್ಪು ನನ್ನದು ಎಂದು ಮಾವನಿಗೆ ಕೇಳುವಂತೆ ಜೋರಾಗಿಯೇ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಭಾವ ಬುಡ ಕೆದಕಿ ಎರಡು ಮರಿ ತೋರಿಸಿದರು, ಮೊಳದುದ್ದದವು. ಇವನ್ನು ಬೇರು ಸಮೇತ ಎಬ್ಬಿಸಿ ನೆರಳಿಗಿಡಿ. ಈ ಕುಣಿಯನ್ನು ಕೆಂಪು ಮಸಾರಿ ಮಣ್ಣು, ಗೊಬ್ಬರ ಹಾಕಿ ದಂಡೆಯ ತನಕ ತುಂಬಿ. ಆಮೇಲೆ ಮೇಲೆ ನೆಡಿ ಎಂದರು.

ಕುಣಿಯ ಹಿಂದಿನ ಮಾತೊಂದೂ ಭಾವನಿಗೆ ಗೊತ್ತಿರಲಿಲ್ಲ. ನಮ್ಮ ಮನೆಯವರು ಆಕಾಶ ನೋಡತೊಡಗಿದರು. ಭಾವನಿಗೆ ಚಿವುಟಿ ಬಾಯಿ ಮುಚ್ಚಿಸೋಣ ಎಂದರೆ ನಾನು ದೂರ ನಿಂತಿದ್ದೆ. ಮಾವ ಮರಿಗಳನ್ನೇ ನೋಡುತ್ತ, ಕುಣಿ ತುಂಬಿದರೆ ಇವು ಬದುಕುತ್ತವೆಯೇ ಎಂದು ಕೇಳಿದರು. ಬದುಕುತ್ತವೆ, ತುಂಬದಿದ್ದರೆ ನನಗೆ ಖಾತ್ರಿ ಇಲ್ಲ ಎಂದರು ಭಾವ. ಮಾವ ದಂಡೆಯ ಮೇಲೆ ಒಂದು ಕೈ ಊರಿಕೊಂಡು ಬಗ್ಗಿ ಕುಣಿಯ ತಳ ನೋಡಿದರು.

"ಹಂಗಾರ ತುಂಬರಿ," ಎಂದರು.

ಈಗ ಆ ಮರಿಗಳಲ್ಲಿ ಒಂದು ಗೊನೆ ಹಾಕಿದೆ. ಎಲೆಗಳು ಚಿಂದಿ ಚಿಂದಿಯಾಗಿ ಗಾಳಿಗೆ ಪಟಪಟ ಅನ್ನುತ್ತವೆ. ಮಾವ ಅದರ ಕೆಳಗೆ ಕುರ್ಚಿ ಹಾಕಿಕೊಂಡು ನಿದ್ದೆ ಮಾಡುತ್ತಾರೆ. ಮನೆಗೆ ಸೋಪು ಮರಳಿ ಬಂದಿದೆ. ಅದರ ನೀರು ಬೇರೆ ಕಡೆ ಹೋಗುವಂತೆ ಪೈಪು ಹಾಕಿಸಿದ್ದೇವೆ. ನನ್ನ ಬಾಲ್ಯದ ಶಪಥವೂ ತೀರಿತು. ಹರಿಯದ ಒಂದು ಎಳೆಯ ಎಲೆ ಹುಡುಕಿ ಕೊಯ್ದು, ಮನೆಯಲ್ಲಿ ಯಾರೂ ಇಲ್ಲದಾಗ ನೆಲದ ಮೇಲೆ ಹಾಸಿಕೊಂಡು ಉಣ್ಣಲು ಕೂತೆ. ಎಲೆಯ ಮೇಲೆ ಸಾರಿಗೆ ಅನ್ನದಿಂದ ಕಟ್ಟೆ ಕಟ್ಟಬೇಕೆಂಬುದು ನೆನಪಿರಲಿಲ್ಲ. ಸಾರು ಓಡಿಬಂದು ಸೀರೆಯ ಮೇಲೇ ಬಿತ್ತು. ಅಷ್ಟಾದರೂ ಆ ಊಟ ಬಹಳ ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ.

ಕುಣಿ ತುಂಬಿದ ದಿನದ ಮಾತು ಹೇಳಲು ಮರೆತೆ. ಮರೆಯಲಿಲ್ಲ, ಹೇಗೆ ಹೇಳುವುದೆಂದು ತಿಳಿಯದೆ ಮುಂದಕ್ಕೆ ಹಾಕುತ್ತ ಬಂದೆ. ಭಾವನ ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು ಬಂದಿತ್ತು. ಬುಟ್ಟಿ ಬುಟ್ಟಿ ಹಾಕಿ ತುಳಿಯುತ್ತ ಹೋಗಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಕುಸಿಯುತ್ತದೆ ಎಂದರು ಭಾವ. ನಮ್ಮ ಮನೆಯವರು ಪ್ಯಾಂಟು ಮಡಿಸಿ ಇಳಿಯಲು ಹೊರಟರು. ಅಷ್ಟರಲ್ಲಿ ಮಾವ ಧೋತರ ಮೇಲೆ ಕಟ್ಟಿಕೊಂಡು ಬಂದು, ಮಗನನ್ನು ಪಕ್ಕಕ್ಕೆ ಸರಿಸಿ, ದಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟು ಕುಣಿಗೆ ಇಳಿದರು. ಅಪ್ಪಾ ನಿಮ್ಮ ಮಣಕಾಲು ಎಂದು ಇವರು ಏನೋ ಹೇಳಲು ಹೋದರು.

"ಈ ಕುಣ್ಯಾಗ ತುಳಿಯೂದು ನನಗ ಯಾರೂ ಕಲಸೂದು ಬ್ಯಾಡ," ಎಂದರು.

ಭಾವ ಮತ್ತು ಇವರು ಮಣ್ಣು ಸುರಿದರು. ಮಾವ ಒಂದು ಕೈ ದಂಡೆಗೆ ಹಿಡಿದು ತುಳಿದರು. ಬಲಗಾಲು, ಎಡಗಾಲು, ಬಲಗಾಲು, ಎಡಗಾಲು, ಅವಸರವಿಲ್ಲದೆ. ಬುಟ್ಟಿಗೊಮ್ಮೆ ನಿಲ್ಲುತ್ತಿದ್ದರು, ಮತ್ತೆ ಶುರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಅವರು ಅತ್ತರೆ ಏನು ಮಾಡುವುದೆಂದು ಯೋಚಿಸುತ್ತಿದ್ದೆ. ಅವರು ಅಳಲಿಲ್ಲ. ಮೊದಲು ನನಗೆ ಅವರ ತೊಡೆಯಿಂದ ಮೇಲಷ್ಟೇ ಕಾಣುತ್ತಿತ್ತು. ಮಣ್ಣು ಬೀಳುತ್ತ ಹೋದಂತೆ ಮಣಕಾಲು ಕಂಡವು, ಆಮೇಲೆ ಮೀನಖಂಡ, ಕಡೆಗೆ ಕೆಂಪು ಮಣ್ಣು ಮೆತ್ತಿದ ಎರಡು ಪಾದಗಳು. ಮಗ್ಗದ ಕಡೆಯ ವರ್ಷಗಳಲ್ಲಿ ದಿನಾ ಸಂಜೆ ಇವರು ಹೋಗಿ, ಎರಡೂ ಕಂಕುಳಲ್ಲಿ ಕೈ ಹಾಕಿ, ಅವರನ್ನು ಆ ಕುಣಿಯಿಂದ ಎತ್ತಿ ತರಬೇಕಾಗುತ್ತಿತ್ತು. ಆ ರೂಢಿಯಿಂದಲೇ ಏನೋ, ಕೆಲಸ ಮುಗಿದಾಗ ಇವರು ಬುಟ್ಟಿ ಕೆಳಗಿಟ್ಟು ಕೈ ಚಾಚಿದರು. ಮಾವ ಆ ಕೈ ನೋಡಿದರು, ತಮ್ಮ ಕಾಲ ಕೆಳಗೆ ನೋಡಿಕೊಂಡರು. ಹತ್ತುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಧೋತರ ಇಳಿಬಿಟ್ಟುಕೊಂಡು, ಯಾರ ಕೈಯನ್ನೂ ಹಿಡಿಯದೆ, ನನ್ನ ಕಡೆಗೆ ನಡೆದು ಬಂದರು.